ಬಿಟ್ಟಲ್ಲಿಗೇ ವಾಪಸ್

ಮೂರು ವಾರ ಒಂದೇ ತೊಂದರೆ. 40 ಮೀಟರ್ ಬ್ಯಾಂಡಿನ ಬಟನ್ ಒತ್ತಿದರೆ ನನ್ನ ಹ್ಯಾಮ್ ರೇಡಿಯೊ 20 ಮೀಟರ್ ಬ್ಯಾಂಡಿಗೆ ಹೋಗಿ ನಿಲ್ಲುತ್ತಿತ್ತು. ಯಾವಾಗಲೂ ಅಲ್ಲ. ವಾರಕ್ಕೆ ಎರಡು ಸಲ, ಮೂರು ಸಲ. ಪರೀಕ್ಷೆ ಮಾಡೋಣ ಅಂತ ಕೂತರೆ ಎಲ್ಲ ಸರಿಯಾಗೇ ಇರುತ್ತಿತ್ತು.

ಪ್ರೋಗ್ರಾಂ ನಾನೇ ಬರೆದದ್ದು. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಕೇಬಲ್ ಹಾಕಿ ರೇಡಿಯೊವನ್ನು ಆಡಿಸುವ ಚಿಕ್ಕ ಪೈಥಾನ್ ಪ್ರೋಗ್ರಾಂ. ಪರದೆ ಮೇಲೆ ಬ್ಯಾಂಡ್‌ಗೊಂದು ಬಟನ್. ಒತ್ತಿದರೆ ಆ ಬ್ಯಾಂಡಿನಲ್ಲಿ ಹೋದ ಸಲ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಗೇ ಹೋಗಬೇಕು. ಇಷ್ಟೇ ಅದರ ಕೆಲಸ. ಬರೆಯೋಕೆ ಕೂತಾಗ ಒಂದು ಸಂಜೆ ಸಾಕು ಅಂದುಕೊಂಡಿದ್ದೆ. ಏನಿದೆ ಅದರಲ್ಲಿ, ಒಂದು ಸಂಖ್ಯೆ ಬರೆದಿಟ್ಟುಕೊಂಡು ಆಮೇಲೆ ಓದೋದು, ಅಲ್ವಾ?

ಹ್ಯಾಮ್ ರೇಡಿಯೊ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವರಿಗೆ ಸರ್ಕಾರ ಕೆಲವು ತುಂಡು ಫ್ರೀಕ್ವೆನ್ಸಿ ಬಿಟ್ಟುಕೊಟ್ಟಿದೆ. ಒಂದೊಂದು ತುಂಡೂ ಒಂದೊಂದು ಬ್ಯಾಂಡ್. 7 ಮೆಗಾಹರ್ಟ್ಸ್ ಹತ್ತಿರದ್ದು 40 ಮೀಟರ್, 14ರದ್ದು 20 ಮೀಟರ್, 21ರದ್ದು 15 ಮೀಟರ್, 28ರದ್ದು 10 ಮೀಟರ್. ಅಲೆಯ ಉದ್ದ ಹೆಚ್ಚೂಕಮ್ಮಿ ಅಷ್ಟು ಮೀಟರ್ ಇರುವುದರಿಂದ ಆ ಹೆಸರು. ಒಂದೊಂದರ ಗುಣ ಬೇರೆ. ಬೆಳಗ್ಗೆ 40 ಮೀಟರಿನಲ್ಲಿ ಬೆಂಗಳೂರು, ಮಂಗಳೂರು, ಕೊಚ್ಚಿ ಪಕ್ಕದ ಮನೆಯಂತೆ ಕೇಳಿಸುತ್ತವೆ. ಬಿಸಿಲೇರಿದ ಮೇಲೆ ದೂರದ ದೇಶ ಬೇಕು ಅಂದರೆ 20ಕ್ಕೆ, 15ಕ್ಕೆ ಹೋಗಬೇಕು. ಸೂರ್ಯ ಇಳಿದ ಹಾಗೆ ಒಂದೊಂದೇ ಬ್ಯಾಂಡ್ ಮುಚ್ಚಿಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಹತ್ತಾರು ಸಲ ಬ್ಯಾಂಡ್ ಬದಲಾಯಿಸುವುದು ನಮಗೆ ಕೊಠಡಿಯಿಂದ ಕೊಠಡಿಗೆ ಓಡಾಡಿದ ಹಾಗೆ. ವಾಪಸ್ ಬಂದಾಗ ಕುರ್ಚಿ ಇಟ್ಟಲ್ಲೇ ಇರಬೇಕು.

ಈ ಹವ್ಯಾಸ ನನಗೆ ಅಂಟಿದ್ದು ಹಾಸನದಲ್ಲಿ, ನನಗೆ ಫಿಸಿಕ್ಸ್ ಹೇಳಿಕೊಟ್ಟ ಮೇಷ್ಟ್ರ ಮನೆಯಲ್ಲಿ. ಅವರದು ಹಳೇ ಕಾಲದ ವಾಲ್ವ್ ಸೆಟ್ಟು. ಮುಂದೆ ಒಂದು ದೊಡ್ಡ ಡಯಲ್, ಪಕ್ಕದಲ್ಲಿ ಕಟಕಟ ಅಂತ ತಿರುಗುವ ಬ್ಯಾಂಡ್ ಸ್ವಿಚ್ಚು. ಡಯಲ್ ಮೇಲೆ 0ಯಿಂದ 500ರವರೆಗೆ ಗೆರೆ. ಒಳಗೆ ಡಯಲ್‌ಗೆ ಸೇರಿದ ಆಸಿಲೇಟರ್, ಅಂದರೆ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ, ಇರುವುದು ಒಂದೇ. ಅದು 500 ಕಿಲೋಹರ್ಟ್ಸ್ ಅಗಲ ಓಡಾಡುತ್ತದೆ, ಬ್ಯಾಂಡ್ ಸ್ವಿಚ್ಚು ತಿರುಗಿಸಿದರೆ ಬೇರೊಂದು ಕ್ರಿಸ್ಟಲ್ ಬಂದು ಸೇರಿ ಅದೇ ಓಡಾಟವನ್ನು ಎತ್ತಿ ಬೇರೆ ಬ್ಯಾಂಡಿನಲ್ಲಿ ಕೂರಿಸುತ್ತದೆ. ಅಂದರೆ 40 ಮೀಟರಿನಲ್ಲಿ ಡಯಲ್ 80ರಲ್ಲಿದ್ದರೆ ನೀವು 7.080ರಲ್ಲಿದ್ದೀರಿ. ಸ್ವಿಚ್ಚನ್ನು 20ಕ್ಕೆ ತಿರುಗಿಸಿದಿರೋ, 14.080. ಇನ್ನೊಂದು ಕಟಕ್, 21.080. ರೇಡಿಯೊಗೆ ನೆನಪು ಅಂತ ಇದ್ದದ್ದು ಡಯಲ್ ನಿಂತ ಜಾಗ ಒಂದೇ. ಬ್ಯಾಂಡ್ ಬದಲಾದರೂ ಅದೇ ಜಾಗ.

ಆದರೆ 7.080ರಲ್ಲಿ ಮಾತಾಡುತ್ತಿದ್ದವರಿಗೆ 14.080ರಲ್ಲಿ ಏನೂ ಕೆಲಸವಿಲ್ಲ. ಅದು ಮಾತಿನವರ ಜಾಗವಲ್ಲ. ಮಾತಿನವರು ಸಿಗಬೇಕಾದರೆ ಇನ್ನೂ ಮೇಲೆ ಹೋಗಬೇಕು. ಅದಕ್ಕೆ ಮೇಷ್ಟ್ರು ಸೆಟ್ಟಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಪೆನ್ಸಿಲ್‌ನಲ್ಲಿ ಬ್ಯಾಂಡ್, ಅದರ ಮುಂದೆ ಡಯಲ್ ಸಂಖ್ಯೆ. 40ಕ್ಕೆ 87. 20ಕ್ಕೆ 210. ಅಳಿಸಿ ಅಳಿಸಿ ಬರೆದು ಆ ಕಾಗದ ಕೆಲವು ಕಡೆ ತೂತು ಬಿದ್ದಿತ್ತು. ಬ್ಯಾಂಡ್ ಬಿಟ್ಟು ಹೊರಡುವ ಮೊದಲು ಅವರು ಡಯಲ್ ನೋಡಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಸ್ವಿಚ್ಚು ತಿರುಗಿಸುತ್ತಿದ್ದರು. ಈ ಕ್ರಮ ತಪ್ಪಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ನನ್ನ ಪ್ರೋಗ್ರಾಂ ತಪ್ಪಿದ್ದು ಇದೇ ಕ್ರಮವನ್ನು ಅಂತ ತಿಳಿಯೋಕೆ ನನಗೆ ಮೂರು ವಾರ ಬೇಕಾಯಿತು.

ಆಮೇಲಿನ ರೇಡಿಯೊಗಳ ಒಳಗೆ ಪುಟ್ಟ ಕಂಪ್ಯೂಟರ್ ಬಂತು. ಚೀಟಿಯ ಕೆಲಸವನ್ನು ಅದು ವಹಿಸಿಕೊಂಡಿತು. ಇದಕ್ಕೆ ಬ್ಯಾಂಡ್ ಸ್ಟ್ಯಾಕಿಂಗ್ ರಿಜಿಸ್ಟರ್ ಅನ್ನುತ್ತಾರೆ. ಇವತ್ತು ತುಂಬ ಜನರ ಮೇಜಿನ ಮೇಲಿರುವ ಐಕಾಮ್ ಐಸಿ-7300 ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಬ್ಯಾಂಡಿಗೂ ಮೂರು ಚೀಟಿ. ಬ್ಯಾಂಡ್ ಕೀ ಒತ್ತಿದರೆ ಕೊನೆಯ ಸಲ ಬಿಟ್ಟದ್ದು, ಅದೇ ಕೀಯನ್ನು ಮತ್ತೆ ಒತ್ತಿದರೆ ಅದರ ಹಿಂದಿನದು, ಮತ್ತೆ ಒತ್ತಿದರೆ ಅದಕ್ಕೂ ಹಿಂದಿನದು. ಮೂರೇ ಯಾಕೆ ಅಂತ ಯಾರೂ ನನಗೆ ಹೇಳಿಲ್ಲ, ಆದರೆ ಬಳಸಿದವರಿಗೆ ಗೊತ್ತಾಗುತ್ತದೆ: ಒಂದು ಮೋರ್ಸ್‌ಗೆ, ಒಂದು ಡಿಜಿಟಲ್‌ಗೆ, ಒಂದು ಮಾತಿಗೆ. ಬರೀ ಫ್ರೀಕ್ವೆನ್ಸಿ ಅಲ್ಲ, ಮೋಡ್ (ಮಾತೋ, ಮೋರ್ಸೋ, ಡಿಜಿಟಲ್ಲೋ ಅನ್ನುವುದು), ಫಿಲ್ಟರ್ ಕೂಡ ಜೊತೆಗೇ ಕೂತಿರುತ್ತವೆ.

ಹಾಗಾದರೆ ಕಂಪ್ಯೂಟರ್ ಪ್ರೋಗ್ರಾಂ ಯಾಕೆ ತಲೆ ಕೆಡಿಸಿಕೊಳ್ಳಬೇಕು, ರೇಡಿಯೊವನ್ನೇ ಕೇಳಿದರೆ ಆಗಲ್ವಾ? ಕೆಲವು ಸಲ ಆಗುತ್ತದೆ. ಐಕಾಮ್‌ಗೆ ಆ ಚೀಟಿಗಳನ್ನು ಓದುವ ಒಂದು ಆದೇಶವಿದೆ. ಯಾಸು ಕಂಪನಿಯ ಈಚಿನ ರೇಡಿಯೊಗಳಿಗೆ ಬ್ಯಾಂಡ್ ನಂಬರ್ ಕಳಿಸಿದರೆ ಅದು ತನ್ನ ನೆನಪಿನಿಂದಲೇ ಆ ಬ್ಯಾಂಡಿಗೆ ಹೋಗಿ ನಿಲ್ಲುತ್ತದೆ. ಆದರೆ ಒಬ್ಬೊಬ್ಬರ ಭಾಷೆ ಒಂದೊಂದು. 7.074 ಮೆಗಾಹರ್ಟ್ಸ್‌ಗೆ ಹೋಗು ಅಂತ ಕೆನ್‌ವುಡ್‌ಗೆ ಹೇಳಬೇಕಾದರೆ ಎಫ್‌ಎ ಅಂತ ಎರಡು ಅಕ್ಷರ, ಅದರ ಹಿಂದೆ 00007074000 ಅಂತ ಹನ್ನೊಂದು ಅಂಕಿ, ಕೊನೆಗೊಂದು ಸೆಮಿಕೋಲನ್. ಕಣ್ಣಲ್ಲೇ ಓದಬಹುದು. ಅದನ್ನೇ ಐಕಾಮ್‌ಗೆ ಹೇಳುವಾಗ ಎರಡೆರಡು ಅಂಕಿ ಜೋಡಿ ಮಾಡಿ ಹಿಂದುಮುಂದಾಗಿ ಕಳಿಸಬೇಕು: 00 40 07 07 00. ಮೊದಲ ಸಲ ನೋಡಿದಾಗ ಏನೋ ಕೆಟ್ಟಿದೆ ಅನಿಸಿತ್ತು.

ಈ ಎಲ್ಲ ಭಾಷೆಗಳಿಗೂ ದುಭಾಷಿಯಾಗಿ ಕೆಲಸ ಮಾಡುವ ಹ್ಯಾಮ್‌ಲಿಬ್ ಅನ್ನುವ ಮುಕ್ತ ತಂತ್ರಾಂಶ ಇದೆ. ನಮ್ಮ ಪ್ರೋಗ್ರಾಂ ಅದರ ಜೊತೆ 4532ನೇ ಪೋರ್ಟಿನಲ್ಲಿ ಮಾತಾಡಿದರೆ ಸಾಕು, ಅದು ರೇಡಿಯೊಗೆ ತಕ್ಕ ಹಾಗೆ ಹೇಳಿಕೊಳ್ಳುತ್ತದೆ. ಇದನ್ನು ವರ್ಷಾನುಗಟ್ಟಲೆ ಸುಮ್ನೆ ಪ್ರೀತಿಗೋಸ್ಕರ ಬರೆದುಕೊಂಡು ಬಂದವರಿಗೆ ನಾನು ನಿಜವಾಗಿಯೂ ಋಣಿ. ಆದರೆ ಎಲ್ಲ ರೇಡಿಯೊಗೂ ಒಂದೇ ಪ್ರೋಗ್ರಾಂ ಆಗಬೇಕು ಅಂದರೆ ಎಲ್ಲ ರೇಡಿಯೊಗೂ ಗೊತ್ತಿರುವ ಮಾತನ್ನಷ್ಟೇ ಆಡಬೇಕು. ‘ಈ ಫ್ರೀಕ್ವೆನ್ಸಿಗೆ ಹೋಗು’, ‘ಈಗ ಎಲ್ಲಿದ್ದೀಯ’, ಈ ಎರಡು ಎಲ್ಲಕ್ಕೂ ಗೊತ್ತು. ಚೀಟಿಯ ವಿಷಯ ಎಲ್ಲಕ್ಕೂ ಗೊತ್ತಿಲ್ಲ. ಹಾಗಾಗಿ ನಾನು ಚೀಟಿಯನ್ನು ನನ್ನ ಪ್ರೋಗ್ರಾಂ ಒಳಗೇ ಇಟ್ಟುಕೊಂಡೆ. ಮುಂಚೆ ಮೇಷ್ಟ್ರ ಹತ್ತಿರ ಇದ್ದದ್ದು ರೇಡಿಯೊ ಒಳಗೆ ಹೋಗಿತ್ತು, ಈಗ ಮತ್ತೆ ರೇಡಿಯೊದಿಂದ ಹೊರಗೆ ಬಂತು.

ಇನ್ನು ಆ ತೊಂದರೆಗೆ ಬರುತ್ತೇನೆ. ನನ್ನ ಪ್ರೋಗ್ರಾಂ ಅರ್ಧ ಸೆಕೆಂಡಿಗೆ ಒಂದು ಸಲ ‘ಎಲ್ಲಿದ್ದೀಯ’ ಅಂತ ಕೇಳುತ್ತದೆ, ಬಂದ ಉತ್ತರವನ್ನು ಪರದೆ ಮೇಲೆ ತೋರಿಸುತ್ತದೆ. ಬ್ಯಾಂಡ್ ಬಟನ್ ಒತ್ತಿದಾಗ ನಾನು ಬರೆದಿದ್ದ ಕ್ರಮ ಹೀಗಿತ್ತು. ಕೊನೆಗೆ ಗೊತ್ತಿದ್ದ ಫ್ರೀಕ್ವೆನ್ಸಿಯನ್ನು ಈಗಿನ ಬ್ಯಾಂಡಿನ ಚೀಟಿಗೆ ಬರೆ. ಈಗಿನ ಬ್ಯಾಂಡ್ ಅಂದರೆ ಇನ್ನು ಮುಂದೆ ಹೊಸದು ಅಂತ ಗುರುತು ಹಾಕಿಕೋ. ಹೊಸ ಬ್ಯಾಂಡಿನ ಚೀಟಿ ಓದಿ ರೇಡಿಯೊಗೆ ಕಳಿಸು. ಓದಿದರೆ ಎಲ್ಲ ಸರಿ ಕಾಣುತ್ತದೆ.

20 ಮೀಟರಿನಲ್ಲಿ 14.195ರಲ್ಲಿ ಇದ್ದೇನೆ ಅಂದುಕೊಳ್ಳಿ. 40 ಒತ್ತಿದೆ. 20ರ ಚೀಟಿಗೆ 14.195 ಬಿತ್ತು, ಸರಿ. ಈಗಿನ ಬ್ಯಾಂಡ್ 40 ಅಂತ ಗುರುತಾಯಿತು. ರೇಡಿಯೊಗೆ 7.087 ಹೋಯಿತು. ಆದರೆ ರೇಡಿಯೊದ ಮುಂದಿನ ಉತ್ತರ ಬರೋಕೆ ಇನ್ನೂ ಅರ್ಧ ಸೆಕೆಂಡ್ ಇದೆ, ಅಲ್ಲಿವರೆಗೆ ಪ್ರೋಗ್ರಾಂಗೆ ಗೊತ್ತಿರುವ ಫ್ರೀಕ್ವೆನ್ಸಿ ಹಳೇ 14.195. ಆ ಅರ್ಧ ಸೆಕೆಂಡಿನ ಒಳಗೆ ನಾನು 15 ಮೀಟರ್ ಬಟನ್ ಒತ್ತಿಬಿಟ್ಟರೆ? ಕೊನೆಗೆ ಗೊತ್ತಿದ್ದದ್ದು 14.195, ಈಗಿನ ಬ್ಯಾಂಡ್ 40. ಹೋಗಿ 40ರ ಚೀಟಿಯಲ್ಲಿ 14.195 ಬರೆದುಬಿಟ್ಟಿತು. ಮುಂದಿನ ಸಲ 40 ಒತ್ತಿದಾಗ ಅದು ನಂಬಿಕೆಯಿಂದ 20 ಮೀಟರಿಗೆ ಕರೆದುಕೊಂಡು ಹೋಯಿತು.

ಪರೀಕ್ಷೆ ಮಾಡುವಾಗ ನಿಧಾನವಾಗಿ ಒಂದೊಂದೇ ಬಟನ್ ಒತ್ತಿ ನೋಡುತ್ತಿದ್ದೆ. ಆಗ ಉತ್ತರ ಬರೋಕೆ ಸಮಯ ಇರುತ್ತಿತ್ತು. ಸಂಜೆ ಯಾವ ಬ್ಯಾಂಡ್ ತೆರೆದಿದೆ ಅಂತ ಹುಡುಕುವಾಗ ಮಾತ್ರ ಬೆರಳು ಟಕಟಕ ಅಂತ ಹೋಗುತ್ತದೆ. ಆಗಲೇ ತಪ್ಪುತ್ತಿತ್ತು, ಗೊತ್ತಾಗುತ್ತಿದ್ದದ್ದು ಮಾರನೆಯ ದಿನ. ಪ್ರತಿ ಬರಹ, ಪ್ರತಿ ಉತ್ತರವನ್ನು ಗಂಟೆ ನಿಮಿಷದ ಸಮೇತ ಒಂದು ಫೈಲಿಗೆ ಬರೆಸಿ, ರಾತ್ರಿ ಹನ್ನೊಂದೂವರೆಗೆ ಅದನ್ನು ಸಾಲು ಸಾಲಾಗಿ ಓದುತ್ತಾ ಹೋದಾಗ ಆ ಎರಡು ಸಾಲು ಕಣ್ಣಿಗೆ ಬಿತ್ತು. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಆ ಖುಷಿಯನ್ನು ಹೇಗೆ ಹೇಳಲಿ.

ಇದು ಸುಮ್ನೆ ಬೇಜಾರಿನ ವಿಷಯ ಅಷ್ಟೇ ಆಗಿರಲಿಲ್ಲ. ಮನೆ ಮೇಲೆ ಎರಡು ಆಂಟೆನಾ ಇವೆ. ಒಂದು 40 ಮೀಟರಿನ ಡೈಪೋಲ್, ಇನ್ನೊಂದು ಮೇಲಿನ ಬ್ಯಾಂಡುಗಳಿಗೆ. ಯಾವುದು ಬೇಕೋ ಅದಕ್ಕೆ ರಿಲೇ (ಕರೆಂಟಿನಿಂದ ಆಡುವ ಸ್ವಿಚ್ಚು) ಹಾಕುವುದೂ ಪ್ರೋಗ್ರಾಂ ಕೆಲಸವೇ, ಅದು ಬಟನ್ ನೋಡಿ ಹಾಕುತ್ತಿತ್ತು. ಒಂದು ಬೆಳಗ್ಗೆ 40 ಒತ್ತಿ, ಪರದೆ ಸರಿಯಾಗಿ ನೋಡದೆ ಮೈಕ್ ಒತ್ತಿದೆ. ರೇಡಿಯೊ 14.195ರಲ್ಲಿ, ಆಂಟೆನಾ 40 ಮೀಟರಿನದು. 40ರ ಡೈಪೋಲ್ 20ಕ್ಕೆ ಒಗ್ಗುವುದೇ ಇಲ್ಲ, ಆಂಟೆನಾ ಎಷ್ಟು ಒಗ್ಗುತ್ತಿಲ್ಲ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಸೂಜಿ ಬಲಕ್ಕೆ ಹೊಡೆದು ನಿಂತಿತು. ರೇಡಿಯೊ ತಾನೇ ಪವರ್ ಇಳಿಸಿಕೊಂಡು ತನ್ನನ್ನು ಉಳಿಸಿಕೊಂಡಿತು. ಆ ರಕ್ಷಣೆ ಇಲ್ಲದ ಹಳೇ ಸೆಟ್ಟಾಗಿದ್ದರೆ ಏನಾದರೂ ಸುಡುತ್ತಿತ್ತು.

ಸರಿಮಾಡಿದ್ದು ಎರಡೇ ಸಾಲಿನಲ್ಲಿ. ಬಟನ್ ಹೆಸರನ್ನು ನಂಬುವುದು ಬಿಟ್ಟೆ. ಫ್ರೀಕ್ವೆನ್ಸಿ ಬಂದರೆ ಮೊದಲು ಅದನ್ನೇ ಕೇಳುತ್ತೇನೆ, ನೀನು ಯಾವ ಬ್ಯಾಂಡಿನವನು ಅಂತ. 14.195 ಬಂದರೆ ಅದು 20ರ ಚೀಟಿಗೇ ಹೋಗಬೇಕು, ಯಾವ ಬಟನ್ ಹೊಳೆಯುತ್ತಿದ್ದರೂ ಸರಿ. ಆಂಟೆನಾ ರಿಲೇ ಕೂಡ ಈಗ ರೇಡಿಯೊ ಹೇಳಿದ ಫ್ರೀಕ್ವೆನ್ಸಿ ನೋಡಿಯೇ ಬೀಳುತ್ತದೆ. ಮೇಷ್ಟ್ರು ಮಾಡುತ್ತಿದ್ದದ್ದೂ ಇದೇ ಅಲ್ವಾ, ಡಯಲ್ ನೋಡಿ ಬರೆಯೋದು. ಸ್ವಿಚ್ಚು ನೋಡಿ ಅಲ್ಲ.

ಇಲ್ಲಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಚೀಟಿಗೆ ಬರೆಯುವುದು ಯಾವಾಗ? ಬ್ಯಾಂಡ್ ಬಿಡುವಾಗ ಮಾತ್ರ ಬರೆದರೆ, ಮಧ್ಯದಲ್ಲಿ ಕರೆಂಟ್ ಹೋದರೆ ಆ ದಿನದ್ದೆಲ್ಲ ಹೋಯಿತು. ಹಾಗಾದರೆ ಡಯಲ್ ಅಲ್ಲಾಡಿದಾಗಲೆಲ್ಲ ಬರೆಯೋಣ? ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ. ಆದರೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಮೈಕ್ರೋಬಿಟೆಕ್ಸ್ ರೇಡಿಯೊ ನೋಡಿ. ನಮ್ಮಲ್ಲಿ ಎಷ್ಟೋ ಜನ ಕಡಿಮೆ ಖರ್ಚಿನಲ್ಲಿ ಎಲ್ಲ ಬ್ಯಾಂಡಿಗೆ ಬಂದದ್ದು ಅದರಿಂದಲೇ. ಅದರ ಮಿದುಳು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಕರೆಂಟ್ ಹೋದರೂ ಉಳಿಯುವ ಜಾಗ, ಇಇಪ್ರಾಮ್, ಅದರಲ್ಲಿ ಇರುವುದು 1024 ಬೈಟ್. ಒಂದು ಫ್ರೀಕ್ವೆನ್ಸಿಗೆ 4 ಬೈಟ್ ಸಾಕು, ಜಾಗಕ್ಕೆ ಬರವಿಲ್ಲ. ಬರ ಇರುವುದು ಬರೆಯುವ ಲೆಕ್ಕಕ್ಕೆ. ಅದೇ ಜಾಗದಲ್ಲಿ 1,00,000 ಸಲ ಬರೆಯುವವರೆಗೆ ಮಾತ್ರ ತಯಾರಕರ ಭರವಸೆ. ಲಕ್ಷ ಅಂದರೆ ಜಾಸ್ತಿ ಅನಿಸುತ್ತದೆ. ಡಯಲ್ ತಿರುಗಿಸುವಾಗ ಸೆಕೆಂಡಿಗೆ ಹತ್ತು ಸಲ ಫ್ರೀಕ್ವೆನ್ಸಿ ಬದಲಾಗುತ್ತದೆ ಅಂದುಕೊಳ್ಳಿ, ಪ್ರತಿ ಸಲ ಬರೆದರೆ 10,000 ಸೆಕೆಂಡಿಗೆ ಮುಗಿಯಿತು. ಮೂರು ಗಂಟೆ ಕೂಡ ಇಲ್ಲ.

ಅದಕ್ಕೆ ಒಳ್ಳೆಯ ಪ್ರೋಗ್ರಾಂಗಳು ಕಾಯುತ್ತವೆ. ಡಯಲ್ ನಿಂತು ಒಂದಷ್ಟು ಸೆಕೆಂಡ್ ಆದ ಮೇಲೆ, ಇವರು ಇಲ್ಲೇ ಕೂತರು ಅಂತ ಖಾತ್ರಿಯಾದ ಮೇಲೆ ಬರೆದುಕೊಳ್ಳುತ್ತವೆ. ಇದು ಚಿಪ್ ಉಳಿಸೋಕೆ ಹುಟ್ಟಿದ ಉಪಾಯ ಇರಬಹುದು, ಆದರೆ ನನಗೆ ಬೇರೆ ಕಾರಣಕ್ಕೂ ಇಷ್ಟ. ಬ್ಯಾಂಡಿನ ಮೇಲೆ ಹಾದುಹೋದ ಜಾಗ ಬೇರೆ, ನಿಂತ ಜಾಗ ಬೇರೆ. ನನಗೆ ವಾಪಸ್ ಹೋಗಬೇಕಾದ್ದು ನಿಂತ ಜಾಗಕ್ಕೆ. ನನ್ನ ಪ್ರೋಗ್ರಾಂನಲ್ಲಿ ಈಗ 10 ಸೆಕೆಂಡ್ ಇಟ್ಟಿದ್ದೇನೆ. ಅಲ್ಲಿ ಮೈಕ್ ಒತ್ತಿ ಮಾತಾಡಿದರೆ ಕಾಯುವುದೇ ಇಲ್ಲ, ತಕ್ಷಣ ಬರೆದುಕೊಳ್ಳುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಯೋಚನೆಯೂ ಇದೆ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನುವ ತಂತ್ರಾಂಶವನ್ನು ಶುರುಮಾಡಿದವರು ಜೋ ಟೇಲರ್. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ವಿಜ್ಞಾನಿ, ಹ್ಯಾಮ್ ಕೂಡ. ಅದರಲ್ಲಿ 2017ರಲ್ಲಿ ಬಂದ ಎಫ್‌ಟಿ8 ಮೋಡ್ ಇವತ್ತು ಎಲ್ಲ ಕಡೆ ಕೇಳುತ್ತದೆ. 15 ಸೆಕೆಂಡಿಗೊಂದು ಸರದಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಚಿಕ್ಕ ಸಂದೇಶ. ಅದರಲ್ಲಿ ಬ್ಯಾಂಡ್ ಬದಲಾಯಿಸಿದರೆ ನೀವು ಹೋದ ಸಲ ಎಲ್ಲಿದ್ದಿರಿ ಅಂತ ಅದು ಕೇಳುವುದಿಲ್ಲ. ಅದರ ಹತ್ತಿರ ಒಂದು ಪಟ್ಟಿ ಇದೆ. 40ಕ್ಕೆ 7.074, 20ಕ್ಕೆ 14.074, 15ಕ್ಕೆ 21.074. ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಅದು ಸರಿಯೇ. ಎಫ್‌ಟಿ8ನವರೆಲ್ಲ ಸೇರುವುದು ಆ ಜಾಗದಲ್ಲೇ, ಸಂತೆ ಎಲ್ಲಿ ನಡೆಯುತ್ತೆ ಅಂತ ಇಡೀ ಊರಿಗೆ ಗೊತ್ತಿರುವಾಗ ಒಬ್ಬೊಬ್ಬರೂ ಬರೆದಿಟ್ಟುಕೊಳ್ಳಬೇಕಾಗಿಲ್ಲ. ಮಾತಿನ ವಿಷಯ ಹಾಗಲ್ಲ. ನಾವು ನಾಲ್ಕು ಜನ 7.087ರಲ್ಲಿ ಸೇರುತ್ತೇವೆ ಅನ್ನುವುದು ಯಾವ ಪಟ್ಟಿಯಲ್ಲೂ ಇಲ್ಲ.

ನನ್ನ ಪ್ರೋಗ್ರಾಂ, ಡಬ್ಲ್ಯುಎಸ್‌ಜೆಟಿ-ಎಕ್ಸ್ ಎರಡೂ ಒಂದೇ ರೇಡಿಯೊ ಹಂಚಿಕೊಂಡಾಗ ತಕರಾರು ಶುರುವಾಗುತ್ತದೆ. ರಾತ್ರಿ ಎಫ್‌ಟಿ8 ಆಡಿ ಮಲಗಿದರೆ 40ರ ಚೀಟಿಯಲ್ಲಿ 7.074 ಕೂತಿರುತ್ತದೆ. ಬೆಳಗ್ಗೆ ಮಾತಾಡೋಣ ಅಂತ 40 ಒತ್ತಿದರೆ ಕಿವಿಗೆ ಆ ಉಯ್ಯುಯ್ ಸದ್ದು. ಆಗ ನನಗೆ ಆ ಮೂರು ಚೀಟಿಯ ಬೆಲೆ ಗೊತ್ತಾಯಿತು. ನಾನು ಸ್ವಲ್ಪ ಬೇರೆ ಥರ ಮಾಡಿದೆ: ಪ್ರತಿ ಬ್ಯಾಂಡಿಗೆ ಮಾತಿನದೊಂದು, ಮೋರ್ಸ್‌ದೊಂದು, ಡಿಜಿಟಲ್‌ದೊಂದು. ಮಾತಿನಲ್ಲಿ ಇದ್ದುಕೊಂಡು 40 ಒತ್ತಿದರೆ ಮಾತಿನ 40ಕ್ಕೇ ಹೋಗುತ್ತದೆ. ಒತ್ತಿ ಒತ್ತಿ ಹುಡುಕುವುದಕ್ಕಿಂತ ಇದು ನನಗೆ ಸರಿ ಅನಿಸಿತು.

ಮೋಡ್ ಜೊತೆಗಿಲ್ಲದ ಫ್ರೀಕ್ವೆನ್ಸಿ ಅರ್ಧ ನೆನಪು. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತಿಗೆ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್), ಮೇಲೆ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್, ಕೇಬಲ್ಲಿನ ಯುಎಸ್‌ಬಿ ಅಲ್ಲ) ಅನ್ನುವುದು ಹಳೆಯ ರೂಢಿ. 7.087ರಿಂದ 14.195ಕ್ಕೆ ಬರೀ ಸಂಖ್ಯೆ ಬದಲಾಯಿಸಿ ಎಲ್‌ಎಸ್‌ಬಿಯಲ್ಲೇ ಬಿಟ್ಟರೆ ಎಷ್ಟು ತಿರುಗಿಸಿದರೂ ಮನುಷ್ಯರ ಮಾತು ಅಂತ ತಿಳಿಯುವುದಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಮೊದಲು ಮೋಡ್ ಕಳಿಸಿ ಆಮೇಲೆ ಫ್ರೀಕ್ವೆನ್ಸಿ ಕಳಿಸಬೇಕು. ಕೆಲವು ರೇಡಿಯೊಗಳು ಮಾತಿನಿಂದ ಮೋರ್ಸ್‌ಗೆ ಹೋದಾಗ ಕೇಳುವ ಸ್ವರ ಉಳಿಸಲು ಫ್ರೀಕ್ವೆನ್ಸಿಯನ್ನು ಕೆಲವು ನೂರು ಹರ್ಟ್ಸ್ ಸರಿಸಿಬಿಡುತ್ತವೆ. ಕ್ರಮ ಉಲ್ಟಾ ಆದರೆ ಪ್ರತಿ ಸಲ ಬ್ಯಾಂಡ್ ಬದಲಾಯಿಸಿದಾಗಲೂ ಸ್ವಲ್ಪ ಸ್ವಲ್ಪ ಜಾರಿ, ಒಂದು ವಾರಕ್ಕೆ ಎಲ್ಲಿಗೋ ಹೋಗಿರುತ್ತೀರಿ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಬೇಕು. ಅಮೆರಿಕದಲ್ಲಿ 40 ಮೀಟರ್ ಬ್ಯಾಂಡ್ 7.000ದಿಂದ 7.300ರವರೆಗೆ. ನಮಗೆ 7.200ಕ್ಕೇ ಮುಗಿಯುತ್ತದೆ, ಅದರ ಮೇಲೆ ಶಾರ್ಟ್‌ವೇವ್ ಪ್ರಸಾರದವರ ಜಾಗ. ಹೊರದೇಶದ ಪ್ರೋಗ್ರಾಂಗಳಿಂದ ಬ್ಯಾಂಡಿನ ಗಡಿಯನ್ನು ಹಾಗೇ ಎತ್ತಿಕೊಂಡರೆ 7.250 ಕೂಡ ‘40 ಮೀಟರ್’ ಅಂತ ಚೀಟಿಗೆ ಬೀಳುತ್ತದೆ. ರಾತ್ರಿ ಯಾವುದೋ ಸ್ಟೇಷನ್ ಕೇಳುತ್ತಾ ಅಲ್ಲಿ ಬಿಟ್ಟಿರುತ್ತೀರಿ, ಬೆಳಗ್ಗೆ ನಿದ್ದೆಗಣ್ಣಲ್ಲಿ 40 ಒತ್ತಿ ಮೈಕ್ ಒತ್ತಿದರೆ ಲೈಸೆನ್ಸ್ ಮೀರಿದ ಹಾಗೆ. ನಾನು ಗಡಿಯನ್ನು 7.200ಕ್ಕೆ ಇಟ್ಟು, ಅದರಾಚೆ ಕೇಳಿದ್ದನ್ನೆಲ್ಲ ಕೇಳುವುದಕ್ಕೇ ಅಂತ ಇರುವ ಬೇರೆ ಚೀಟಿಗೆ ಹಾಕಿದೆ. ದಯವಿಟ್ಟು ನಿಮ್ಮದನ್ನೂ ಒಂದು ಸಲ ನೋಡಿಕೊಳ್ಳಿ.

ಕೊನೆಗೆ ಉಳಿದದ್ದು ಖಾಲಿ ಚೀಟಿ. ಪ್ರೋಗ್ರಾಂ ಮೊದಲ ಸಲ ತೆರೆದಾಗ ಯಾವ ಬ್ಯಾಂಡಿಗೂ ನೆನಪು ಇರುವುದಿಲ್ಲ. ಆಗ ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು? ಬ್ಯಾಂಡಿನ ತಳಕ್ಕೆ ಹೋಗಿ ನಿಲ್ಲಿಸಿದರೆ ಮೋರ್ಸ್‌ನವರ ಮಧ್ಯೆ ಬೀಳುತ್ತೀರಿ. ನಟ್ಟನಡುವೆ ನಿಲ್ಲಿಸಿದರೆ ಅಲ್ಲಿ ಯಾರಿರುತ್ತಾರೆ ಅನ್ನುವುದು ಅವತ್ತಿನ ಅದೃಷ್ಟ. ಹೋದ ಭಾನುವಾರ ಮೇಷ್ಟ್ರಿಗೆ ಫೋನ್ ಮಾಡಿದೆ.

‘ಸಾರ್, ಆ ಚೀಟಿ ಇನ್ನೂ ಇದೆಯಾ?’

‘ಇದೆ ಕಣಯ್ಯಾ, ಯಾಕೆ?’

ಓದಿ ಹೇಳಿ ಅಂದೆ. ಕನ್ನಡಕ ತರೋಕೆ ಹೋದರು. ಬಂದು ಒಂದೊಂದೇ ಓದಿದರು. 40ಕ್ಕೆ 87. 20ಕ್ಕೆ 210. 15ಕ್ಕೆ 250, ಅದು ಸ್ವಲ್ಪ ಅಳಿಸಿಹೋಗಿದೆ, 260ನೂ ಇರಬಹುದು ಅಂದರು. 10 ಮೀಟರಿಗೆ ಏನೂ ಬರೆದಿರಲಿಲ್ಲ.

‘ಹತ್ತಕ್ಕೆ ಏನು ಹಾಕಲಿ ಸಾರ್?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘28.200 ಹಾಕು. ಅಲ್ಲಿ ಬೀಕನ್ ಬರ್ತವೆ, ಬ್ಯಾಂಡು ತೆರೆದಿದ್ಯೋ ಇಲ್ವೋ ಗೊತ್ತಾಗುತ್ತೆ. ಯಾರ ಜೊತೆ ಮಾತಾಡೋದು ಆಮೇಲೆ. ಮೋಡ್ ಮಾತ್ರ ಮೋರ್ಸ್‌ಗೆ ಇಡು, ಮರೀಬೇಡ.’

ಬೀಕನ್ ಅಂದರೆ ತಾನಾಗಿಯೇ ಗುರುತಿನ ಸದ್ದು ಕಳಿಸುತ್ತಿರುವ ಸ್ಟೇಷನ್. ಆ ಫ್ರೀಕ್ವೆನ್ಸಿಯನ್ನು ಪ್ರಪಂಚದ 18 ಬೀಕನ್ ಸ್ಟೇಷನ್‌ಗಳಿಗೆ ಹಂಚಿದ್ದಾರೆ. ಒಂದೊಂದಕ್ಕೆ 10 ಸೆಕೆಂಡಿನ ಸರದಿ, ಮೂರು ನಿಮಿಷಕ್ಕೆ ಒಂದು ಸುತ್ತು. ಮೊದಲು ಕಾಲ್‌ಸೈನ್, ಅಂದರೆ ಆ ಸ್ಟೇಷನ್ನಿನ ಗುರುತಿನ ಹೆಸರು, ಆಮೇಲೆ ನಾಲ್ಕು ಉದ್ದ ಸದ್ದು, ಒಂದೊಂದು ಸದ್ದಿಗೂ ಪವರ್ ಇಳಿಯುತ್ತಾ ಹೋಗುತ್ತದೆ, 100 ವ್ಯಾಟ್‌ನಿಂದ ಕೊನೆಗೆ ಒಂದು ವ್ಯಾಟಿನ ಹತ್ತನೇ ಒಂದು ಭಾಗದವರೆಗೆ. ಹಾಕಿದೆ. 15ಕ್ಕೆ 250ನ್ನೇ ಇಟ್ಟುಕೊಂಡೆ.

ಇವತ್ತು ಸಂಜೆ ಹೊಸ ಪ್ರೋಗ್ರಾಂ ತೆರೆದು 10 ಒತ್ತಿದೆ. 28.200, ಮೋರ್ಸ್. ಮೂರು ನಿಮಿಷ ಕಾದೆ, ಬರೀ ಶೂ ಅನ್ನುವ ಸದ್ದು. 15, 20, ಮತ್ತೆ 15, ಬೇಕಂತಲೇ ಬೇಗಬೇಗ ಒತ್ತಿದೆ. ಆಮೇಲೆ ಮಾತಿಗೆ ಬಂದು 40 ಒತ್ತಿದೆ. ರಿಲೇ ಟಕ್ ಅಂತು. 7.087, ಎಲ್‌ಎಸ್‌ಬಿ. ಯಾರೋ ಇಬ್ಬರು ಮಳೆಯ ವಿಷಯ ಮಾತಾಡುತ್ತಿದ್ದರು.